ಶಾಫ್ಟ್ ಡ್ರೈವ್ ಬೈಕಿಗೆ ಬೇರೆ ಎಂಜಿನ್ ಕೂರಿಸಿದ ಮೇಲೆ ನಡುಕ, ಸದ್ದು, ಎಣ್ಣೆ ಸೋರಿಕೆ: ದೋಷ ಹುಡುಕುವ ಬಗೆ

ಬೇರೆ ಎಂಜಿನ್ ಕೂರಿಸಿದ ಬೈಕು ಸರಿಯಾಗಿ ಓಡದಿದ್ದರೆ ಎಲ್ಲರೂ ಮೊದಲು ಬೈಯುವುದು ಎಂಜಿನ್ನನ್ನೇ. "ತಂದಿದ್ದೇ ಕೆಟ್ಟ ಎಂಜಿನ್" ಅಂತ ತೀರ್ಮಾನ ಆಗಿಬಿಡುತ್ತದೆ. ಹೆಡ್ ಬಿಚ್ಚಿ ನೋಡಿದರೆ ಬೋರು, ಪಿಸ್ಟನ್ ಎಲ್ಲ ಚೆನ್ನಾಗಿಯೇ ಇರುತ್ತವೆ. ಚೈನ್ ಬೈಕಿನಲ್ಲಿ ಈ ಅನುಮಾನ ಎಷ್ಟೋ ಸಲ ನಿಜ ಇರಬಹುದು. ಶಾಫ್ಟ್ ಬೈಕಿನಲ್ಲಿ, ಅಂದರೆ ಚೈನ್ ಬದಲು ಒಂದು ತಿರುಗುವ ದಂಡ (ಶಾಫ್ಟ್) ಹಿಂದಿನ ಚಕ್ರ ತಿರುಗಿಸುವ ಬೈಕಿನಲ್ಲಿ ಮಾತ್ರ ತೊಂದರೆ ಹೆಚ್ಚಾಗಿ ಜೋಡಣೆಯಲ್ಲಿ ಇರುತ್ತದೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಇಲ್ಲವೇ ಗೇರ್ ಬಾಕ್ಸಿಗೂ ಶಾಫ್ಟಿಗೂ ನಡುವೆ. ಅದಕ್ಕೇ ಎಂಜಿನ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಳ್ಳಾರಿ, ಕೊಪ್ಪಳ ಕಡೆ ಶಾಫ್ಟ್ ಬೈಕು ಅಪರೂಪ. ಆದರೂ ಅಲ್ಲೊಂದು ಇಲ್ಲೊಂದು ಇವೆ. ನಾನು ಬರೆಯುತ್ತಿರುವುದು ಹಳೇ ಗಾಳಿ ತಂಪಿನ ಬಿಎಂಡಬ್ಲ್ಯೂ ಆರ್ 80, ಆರ್ 100 ಬೈಕುಗಳ ಬಗ್ಗೆ. ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವ ಗಾಡಿ. 1923ರ ಆರ್ 32ರಿಂದ ಈ ಬೈಕುಗಳ ಹೊಂದಿಕೆ ಬದಲಾಗಿಲ್ಲ. ಕ್ರಾಂಕ್ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಉದ್ದಕ್ಕೆ ಮಲಗಿರುತ್ತದೆ, ಹಿಂದೆ ಕ್ಲಚ್, ಅದರ ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಶಾಫ್ಟು. ಬೇರೆ ಕಂಪನಿಯ ಶಾಫ್ಟ್ ಬೈಕು ನಿಮ್ಮಲ್ಲಿದ್ದರೂ ಹುಡುಕುವ ದಾರಿ ಇದೇ. ಅಳತೆಗಳು ಮಾತ್ರ ಬೇರೆ.

ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ

ಇದೊಂದು ಅರ್ಥ ಆದರೆ ಅರ್ಧ ಕೆಲಸ ಮುಗಿದ ಹಾಗೆ. ಈ ಬೈಕಿನಲ್ಲಿ ಎಂಜಿನ್ ಚಾಸಿಗೆ ಎರಡು ಉದ್ದನೆಯ ಸ್ಟಡ್‌ಗಳಿಂದ ಕೂರುತ್ತದೆ, ಮುಂದೊಂದು ಹಿಂದೊಂದು. ಗೇರ್ ಬಾಕ್ಸ್ ಎಂಜಿನ್ನಿನ ಬೆನ್ನಿಗೆ ಬೋಲ್ಟ್ ಆಗಿರುತ್ತದೆ, ಅದರ ಭಾರ ಹೊರುವುದೂ ಎಂಜಿನ್ನೇ. ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮ್ ಮಾತ್ರ ನೇರವಾಗಿ ಚಾಸಿಗೆ ಸೇರಿದ್ದು. ಅದರ ಬಲಗೈ ಕೊಳವೆಯೊಳಗೆ ಶಾಫ್ಟ್ ತಿರುಗುತ್ತದೆ. ಅಂದರೆ ಗೇರ್ ಬಾಕ್ಸ್ ಎಂಜಿನ್ ಹೇಳಿದ ಹಾಗೆ ಕೇಳುತ್ತದೆ, ಶಾಫ್ಟ್ ಚಾಸಿ ಹೇಳಿದ ಹಾಗೆ ಕೇಳುತ್ತದೆ. ಇವೆರಡೂ ಸೇರುವ ಜಾಗದಲ್ಲಿ ಇರುವುದು ಒಂದು ಯೂನಿವರ್ಸಲ್ ಜಾಯಿಂಟು (ತಿರುಗುತ್ತಲೇ ಬಾಗಬಲ್ಲ ಕೀಲು), ಅದನ್ನು ಹಿಡಿದ ನಾಲ್ಕು ಬೋಲ್ಟು. ಎಂಜಿನ್ ಎರಡು ಮೂರು ಮಿಲಿಮೀಟರ್ ಪಕ್ಕಕ್ಕೆ ಕೂತರೆ ಚೈನ್ ಬೈಕು ಹೇಗೋ ಸಹಿಸಿಕೊಳ್ಳುತ್ತದೆ. ಶಾಫ್ಟು ಸಹಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಅದರ ಏಟು ಈ ಜಾಯಿಂಟಿಗೆ ಬೀಳುತ್ತದೆ.

ಎಂಜಿನ್ ಸ್ಟಡ್‌ಗಳ ಮೇಲೆ ಸ್ಪೇಸರ್ (ಸಂದು ತುಂಬುವ ಕೊಳವೆ ತುಂಡುಗಳು) ಬರುತ್ತವೆ. ಎಡಕ್ಕೂ ಬಲಕ್ಕೂ, ಮುಂದಕ್ಕೂ ಹಿಂದಕ್ಕೂ ಇವುಗಳ ಉದ್ದ ಒಂದೇ ಇರಬೇಕೆಂದಿಲ್ಲ. ಹಳೇ ಎಂಜಿನ್ ಇಳಿಸುವಾಗಲೇ ಯಾವುದು ಎಲ್ಲಿಂದ ಬಂತು ಅಂತ ಗುರುತು ಹಾಕಿ, ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದ ಗಾಡಿ ನಿಮ್ಮ ಕೈಗೆ ಬಂದಿದ್ದರೆ ಮೊದಲ ಅನುಮಾನ ಸ್ಪೇಸರ್ ಮೇಲೇ ಇರಲಿ.

ಮೊದಲು ಸದ್ದು ಯಾವ ಭಾಗದ್ದು ಅಂತ ಹಿಡಿಯಿರಿ

ಪಾನಾ ಕೈಗೆ ತಗೊಳ್ಳುವ ಮುಂಚೆ ಗಾಡಿ ಓಡಿಸಿ. ರಸ್ತೆ ಮಟ್ಟವಾಗಿರಬೇಕು. ನಮ್ಮಲ್ಲಿ ಎರೆ ಭೂಮಿಯ ಮೇಲೆ ಹಾಕಿದ ರಸ್ತೆಗಳು ಮಳೆಗಾಲ ಕಳೆಯುವಷ್ಟರಲ್ಲಿ ಅಲೆ ಅಲೆ ಆಗಿಬಿಡುತ್ತವೆ. ಅಂಥ ರಸ್ತೆಯಲ್ಲಿ ನಡುಕ ನೋಡಿದರೆ ಅದು ರಸ್ತೆಯದೋ ಗಾಡಿಯದೋ ಗೊತ್ತಾಗುವುದಿಲ್ಲ. ಹೊಸಪೇಟೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಬೆಳಗಿನ ಜಾವ, ಲಾರಿ ಕಡಿಮೆ ಇರುವಾಗ, ನುಣುಪಾದ ಒಂದು ತುಂಡು ನೋಡಿಕೊಂಡು ಪರೀಕ್ಷೆ ಮಾಡಿ.

ಮೊದಲ ಪರೀಕ್ಷೆ: ನಡುಕ ಶುರುವಾಗುವ ವೇಗ ಗುರುತಿಸಿ. 60 ಕಿ.ಮೀ. ಅಂದುಕೊಳ್ಳಿ. ಅದೇ ವೇಗವನ್ನು ಮೂರನೇ ಗೇರಿನಲ್ಲಿ, ನಾಲ್ಕನೇ ಗೇರಿನಲ್ಲಿ, ಐದನೇ ಗೇರಿನಲ್ಲಿ ಹಿಡಿದು ನೋಡಿ. ಮೂರರಲ್ಲೂ ನಡುಕ ಒಂದೇ ಥರ ಇದ್ದರೆ ಅದು ಗೇರ್ ಬಾಕ್ಸಿನ ಹಿಂದಿನದು. ಶಾಫ್ಟು, ಜಾಯಿಂಟು, ಹಿಂದಿನ ಚಕ್ರ, ಟೈರು. ಗೇರ್ ಬದಲಿಸಿದ ಕೂಡಲೇ ನಡುಕವೂ ಬದಲಾದರೆ ಅದು ಎಂಜಿನ್ ಅಥವಾ ಕ್ಲಚ್ಚಿನದು.

ಎರಡನೆಯದು: ಅದೇ ವೇಗದಲ್ಲಿ ಕ್ಲಚ್ ಹಿಡಿದು ಎಕ್ಸಲೇಟರ್ ಬಿಡಿ. ಎಂಜಿನ್ ಐಡ್ಲಿಗೆ (ಎಕ್ಸಲೇಟರ್ ಕೊಡದ ನಿಧಾನ ಓಟಕ್ಕೆ) ಇಳಿಯುತ್ತದೆ, ಗಾಡಿ ಮಾತ್ರ ಉರುಳುತ್ತಿರುತ್ತದೆ. ನಡುಕ ಹಾಗೇ ಇದ್ದರೆ ಎಂಜಿನ್ ನಿರಪರಾಧಿ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಇಷ್ಟು ಮಾಡದೆ ಹೆಡ್ ಬಿಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಗಾಡಿ ಮಾಲೀಕನ ದುಡ್ಡು ಸುಮ್ನೆ ಹೋಗುತ್ತದೆ ಅಲ್ವಾ?

ಮೂರನೆಯದು ನಿಂತಲ್ಲೇ. ನ್ಯೂಟ್ರಲ್, ಎಂಜಿನ್ ಐಡ್ಲಿ. ಕ್ಲಚ್ ಬಿಟ್ಟಾಗ ಸದ್ದು ಇದ್ದು ಹಿಡಿದಾಗ ನಿಂತರೆ, ಅದು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ (ಕ್ಲಚ್ಚಿನಿಂದ ಗೇರ್ ಬಾಕ್ಸಿಗೆ ಹೋಗುವ ದಂಡ) ಕಡೆಯದು. ಕ್ಲಚ್ ಹಿಡಿದಾಗಲೇ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನದು. ಕ್ಲಚ್ ಹಿಡಿದ ಕೂಡಲೇ ಎಂಜಿನ್ನೇ ಕುಗ್ಗಿ ವೇಗ ಇಳಿದರೆ ಅದು ಬೇರೆಯೇ ಕಥೆ, ಮುಂದೆ ಹೇಳುತ್ತೇನೆ.

ಇಲ್ಲಿ ಒಂದು ಮಾತು. ಹಿಂದೆ ಎರಡು ಶಾಕ್ ಇರುವ ಮಾಡೆಲ್‌ಗಳನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಗೇರಿನಲ್ಲಿ ಓಡಿಸಿದರೆ ಟಕ್ ಟಕ್ ಅಂತ ಸದ್ದು ಬರುತ್ತದೆ. ಚಕ್ರ ಪೂರ್ತಿ ಕೆಳಗೆ ಜೋತು ಬಿದ್ದು ಜಾಯಿಂಟಿನ ಕೋನ ಜಾಸ್ತಿ ಆಗಿರುತ್ತದೆ, ಅದಕ್ಕೇ ಆ ಸದ್ದು. ಅದನ್ನು ಕೇಳಿ ಹೆದರಬೇಡಿ. ಹಾಗಂತ ಆ ಸ್ಥಿತಿಯಲ್ಲಿ ತುಂಬ ಹೊತ್ತು ಓಡಿಸಲೂ ಬೇಡಿ.

ಯಾವ ಗೇರಿನಲ್ಲೂ ಬಿಡದ ನಡುಕ

ಗಂಗಾವತಿಯ ಅಕ್ಕಿ ಗಿರಣಿ ಮನೆತನದವರೊಬ್ಬರ ಆರ್ 80 ಇದೇ ದೂರಿನೊಂದಿಗೆ ನಮ್ಮ ಶೆಡ್ಡಿಗೆ ಬಂದಿತ್ತು. ಬೇರೆ ಕಡೆ ಎಂಜಿನ್ ಕೂರಿಸಿದ್ದರು. 60 ದಾಟಿದರೆ ಕಾಲಿಡುವ ಫುಟ್‌ರೆಸ್ಟು ಜುಮ್ ಅನ್ನುತ್ತಿತ್ತು. ಎಂಜಿನ್ ವಾಪಸ್ ಕೊಡುವ ಮಾತು ಆಗಲೇ ನಡೆದಿತ್ತು. ಕ್ಲಚ್ ಹಿಡಿದು ಉರುಳಿಸಿದರೆ ನಡುಕ ಒಂದು ಚೂರೂ ಕಡಿಮೆ ಆಗಲಿಲ್ಲ. "ಅಣ್ಣ, ಹಂಗಾದ್ರೆ ಎಂಜಿನ್ ಚಲೋ ಐತೇನು?" ಅಂತ ಮಾಲೀಕರು ಕೇಳಿದರು. "ಎಂಜಿನ್ ಚಲೋನೇ ಐತ್ರಿ, ಕೂತಿರೋ ಜಾಗ ಚಲೋ ಇಲ್ಲ" ಅಂದೆ.

ಇಂಥ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಸ್ವಿಂಗ್ ಆರ್ಮ್ ಚಾಸಿಯ ನಡುವೆ ಸರಿಯಾಗಿ ಕೂತಿದೆಯಾ ಅಂತ. ಎಂಜಿನ್, ಗೇರ್ ಬಾಕ್ಸ್ ಇಳಿಸಲು ಸ್ವಿಂಗ್ ಆರ್ಮ್ ಹಿಂದಕ್ಕೆ ಸರಿಸಿರುತ್ತಾರೆ. ಅದರ ಎರಡು ಪಕ್ಕದ ಪಿವಟ್ ಪಿನ್‌ಗಳು ಎಳೆ ಇರುವ ಪಿನ್‌ಗಳು. ಒಂದನ್ನು ಜಾಸ್ತಿ ತಿರುಗಿಸಿ ಇನ್ನೊಂದನ್ನು ಕಡಿಮೆ ತಿರುಗಿಸಿದರೆ ಇಡೀ ಆರ್ಮ್ ಒಂದು ಪಕ್ಕಕ್ಕೆ ಹೋಗಿ ಕೂರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅಳೆಯಲು ದುಬಾರಿ ಸಾಮಾನು ಬೇಡ. ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಚಾಸಿಗೂ ಆರ್ಮಿಗೂ ನಡುವಿನ ಸಂದಿಗೆ ತೂರಿಸಿ ನೋಡಿ. ಎಡಕ್ಕೆ ಹೋಗುವ ಬಿಟ್ಟೇ ಬಲಕ್ಕೂ ಅಷ್ಟೇ ಬಿಗಿಯಾಗಿ ಹೋಗಬೇಕು. ಆ ಆರ್ 80ರಲ್ಲಿ ಎಡಕ್ಕೆ 2 ಮಿ.ಮೀ. ಬಿಟ್ಟು ಕಷ್ಟಪಟ್ಟು ಹೋಯಿತು, ಬಲಕ್ಕೆ 5ರ ಬಿಟ್ಟು ಆರಾಮಾಗಿ ಹೋಯಿತು.

ಮುಂದಿನ ಗುರುತು ರಬ್ಬರ್ ಬೂಟು. ಗೇರ್ ಬಾಕ್ಸಿನ ಬಾಯಿಗೂ ಸ್ವಿಂಗ್ ಆರ್ಮಿನ ಬಾಯಿಗೂ ನಡುವೆ ಈ ಬೂಟು ಇರುತ್ತದೆ, ಎರಡು ಕ್ಲಿಪ್ಪಿನಿಂದ ಬಿಗಿದಿರುತ್ತದೆ. ಅದರ ಮಡಿಕೆಗಳು ಸುತ್ತಲೂ ಒಂದೇ ಸಮ ಕಾಣಬೇಕು. ಒಂದು ಕಡೆ ಹಿಂಡಿಕೊಂಡು ಇನ್ನೊಂದು ಕಡೆ ಚಾಚಿಕೊಂಡಿದ್ದರೆ ಎರಡು ಬಾಯಿಗಳು ಎದುರು ಬದುರು ಇಲ್ಲ ಅಂತಲೇ ಅರ್ಥ. ಬೂಟು ಹಿಂದಕ್ಕೆ ಜಾರಿಸಿ ಟಾರ್ಚ್ ಹಾಕಿ. ಗೇರ್ ಬಾಕ್ಸಿನ ಫ್ಲ್ಯಾಂಜು (ಜಾಯಿಂಟು ಬೋಲ್ಟ್ ಆಗುವ ದುಂಡು ತಟ್ಟೆ) ಕೊಳವೆಯ ಬಾಯಿಯ ನಟ್ಟನಡುವೆ ಕಾಣಬೇಕು.

ಸ್ವಿಂಗ್ ಆರ್ಮ್ ನಡುವೆ ಇದ್ದೂ ಫ್ಲ್ಯಾಂಜ್ ಪಕ್ಕಕ್ಕೆ ಇದ್ದರೆ ಸ್ಪೇಸರ್ ಅದಲು ಬದಲಾಗಿದೆ. ಎಂಜಿನ್ ಸ್ಟಡ್ ಸಡಿಲಿಸಿ ನೋಡಿ. ಸಡಿಲಿಸಿದ ಕೂಡಲೇ ಚಾಸಿ ಟಣ್ ಅಂತ ಬಿಚ್ಚಿಕೊಂಡರೆ ಗಿಡ್ಡ ಸ್ಪೇಸರ್ ಇದ್ದ ಕಡೆ ಚಾಸಿಯನ್ನೇ ಎಳೆದು ಬಿಗಿದಿದ್ದಾರೆ. ಹಾಗೆ ಬಿಗಿದ ಚಾಸಿ ತುಂಬ ದಿನ ತಡೆಯುವುದಿಲ್ಲ.

ಆಮೇಲೆ ಆ ನಾಲ್ಕು ಬೋಲ್ಟು. ಇವು ಹನ್ನೆರಡು ಮೂಲೆಯ ತಲೆ ಇರುವ ಸಣ್ಣ ಬೋಲ್ಟುಗಳು, ಸಾಮಾನ್ಯ ಪಾನಾ ಕೂರುವುದಿಲ್ಲ. ಬಿಗಿತ ಸುಮಾರು 40 ನ್ಯೂಟನ್ ಮೀಟರ್. ಸಾಕೆಟ್ ಹೋಗಲು ಜಾಗ ಇಲ್ಲದ ಕಾರಣ ಬಹಳ ಜನ ಕೈ ಅಂದಾಜಿನಲ್ಲಿ ಬಿಗಿಯುತ್ತಾರೆ. ಅಂದಾಜು ಬೇಡ. ಒಂದು ರಿಂಗ್ ಪಾನಾ ಕತ್ತರಿಸಿ ಟಾರ್ಕ್ ರಿಂಚಿಗೆ (ಬಿಗಿತ ಅಳೆಯುವ ಪಾನಾ) ಸೇರುವ ಅಡಾಪ್ಟರ್ ಮಾಡಿಸಿಕೊಳ್ಳಿ. ಅದನ್ನು ಹಿಡಿಗೆ ಅಡ್ಡವಾಗಿ 90 ಡಿಗ್ರಿಯಲ್ಲಿ ಹಿಡಿದು ಬಿಗಿದರೆ ಲೆಕ್ಕ ಸರಿ ಬರುತ್ತದೆ. ಇನ್ನೊಂದು ಮುಖ್ಯ ವಿಷಯ: ಹಳೇ ಮಾಡೆಲ್ಲಿನಲ್ಲಿ ಉದ್ದ ಬೋಲ್ಟು ಮತ್ತು ಲಾಕ್ ವಾಷರ್, ನಂತರದ್ದರಲ್ಲಿ ಗಿಡ್ಡ ಬೋಲ್ಟು, ವಾಷರ್ ಇಲ್ಲ. ಉದ್ದ ಬೋಲ್ಟನ್ನು ವಾಷರ್ ಇಲ್ಲದೆ ಹಾಕಿದರೆ ಅದರ ತುದಿ ಫ್ಲ್ಯಾಂಜ್ ದಾಟಿ ಆಚೆ ಬಂದು ಗೇರ್ ಬಾಕ್ಸ್ ಕವರನ್ನು ಕೆರೆಯುತ್ತದೆ. ಎಕ್ಸಲೇಟರ್ ಕೊಟ್ಟು ಬಿಟ್ಟಾಗ "ಟಕ್" ಅಂತ ಒಂದೇ ಏಟು ಕೇಳಿದರೆ ಇವು ಸಡಿಲಾಗಿರಬಹುದು. ಗಾಡಿಯನ್ನು ಮನೆ ತನಕವೂ ಓಡಿಸಬೇಡಿ. ಈ ಬೋಲ್ಟು ಓಡುವಾಗ ಕಳಚಿದರೆ ಹಿಂದಿನ ಚಕ್ರ ಜಾಮ್ ಆಗಬಹುದು. ಒಮ್ಮೆ ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿ. ಇದರಲ್ಲಿ ಉಳಿತಾಯ ನೋಡಬಾರದು.

ಜಾಯಿಂಟಿನ ಕ್ರಾಸ್ ಸವೆದಿದೆಯಾ ಅಂತ ಕೈಯಲ್ಲೇ ನೋಡಬಹುದು. ಶಾಫ್ಟ್ ಬಿಡಿಸಿ ಜಾಯಿಂಟನ್ನು ಮೆಲ್ಲಗೆ ಎಲ್ಲ ದಿಕ್ಕಿಗೂ ಬಾಗಿಸಿ. ನಡುವಿನ ಜಾಗದಲ್ಲಿ ಕಚ್ಚಿ ನಿಂತ ಹಾಗೆ ಆದರೆ ಒಳಗಿನ ಸೂಜಿ ಬೇರಿಂಗ್ ಗುಳಿ ಬಿದ್ದಿದೆ. ಫ್ಲ್ಯಾಂಜ್ ಓರೆ ಇದೆಯಾ ಅಂತ ನೋಡಲು ಮಾತ್ರ ಡಯಲ್ ಗೇಜ್ (ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಉಪಕರಣ) ಬೇಕು. ನಾನು ಇದಕ್ಕೆ ಗಂಗಾವತಿಯ ಲೇಥ್ ಚಾಚಾನ ಹತ್ತಿರ ಹೋಗುತ್ತೇನೆ. ಗಿರಣಿಯ ಮೋಟರಿಗೂ ಯಂತ್ರಕ್ಕೂ ಕಪ್ಲಿಂಗ್ ಅಲೈನ್ ಮಾಡಿ ಮಾಡಿ ಅವರ ಕೈ ಪಳಗಿದೆ. ಅವರು ಗೇಜಿನ ಮುಳ್ಳು ಹಚ್ಚಿ ಫ್ಲ್ಯಾಂಜನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸುತ್ತಾರೆ, ಮುಳ್ಳು ಎಲ್ಲಿ ಏರಿತು ಅಲ್ಲಿ ಸೀಮೆಸುಣ್ಣದ ಗೆರೆ. "ಇದು ಸರಿ ಐತಿ ಬೇಟಾ, ಬೇರೆ ಕಡೆ ಹುಡುಕು" ಅಂದರೆ ನಾನು ಮತ್ತೆ ಅನುಮಾನ ಪಡುವುದಿಲ್ಲ. ಗಿರಣಿ ಊರುಗಳಲ್ಲಿ ಇಂಥ ಕೈಗಳು ಸಿಗುತ್ತವೆ, ಉಪಯೋಗಿಸಿಕೊಳ್ಳಿ.

1987ರ ನಂತರದ ಪ್ಯಾರಾಲಿವರ್ (ಎರಡು ಕೀಲಿನ ಸ್ವಿಂಗ್ ಆರ್ಮ್) ಇರುವ ಜಿಎಸ್ ಮಾಡೆಲ್‌ಗಳಲ್ಲಿ ಶಾಫ್ಟಿಗೆ ಎರಡು ಜಾಯಿಂಟ್. ನಡುವೆ ರಬ್ಬರ್ ಕಟ್ಟಿರುತ್ತದೆ. ರಬ್ಬರ್ ಜಾರಿದರೆ ಎರಡು ಜಾಯಿಂಟಿನ ಕವಲುಗಳು ಒಂದೇ ಸಮತಲದಲ್ಲಿ ಉಳಿಯುವುದಿಲ್ಲ, ಗಾಡಿ ನಡುಗುತ್ತದೆ. ಅಲ್ಲಿ ಶಾಫ್ಟೇ ಬದಲಿಸಬೇಕು.

ಗೇರ್ ಕರಕರ, ಕ್ಲಚ್ ಪೂರ್ತಿ ಬಿಡಲ್ಲ

ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ಒಂದನೇ ಗೇರ್ ಕರಕರ ಅನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಎಂಜಿನ್ ಬದಲಿಸಿದ ಮೇಲೆ ಈ ದೂರು ಬಹಳ ಸಾಮಾನ್ಯ. ಕೇಬಲ್ ಬಿಗಿ ಮಾಡಿ ನೋಡಿ. ಲಿವರಿನಲ್ಲಿ ಒಂದೆರಡು ಮಿಲಿಮೀಟರ್ ಆಟ ಬಿಟ್ಟೂ ಸರಿಯಾಗದಿದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು.

ಇಲ್ಲಿ ನಡೆದಿರುವುದು ಸಾಮಾನ್ಯವಾಗಿ ಇದು. ಕ್ಲಚ್ ಪ್ಲೇಟನ್ನು ನಟ್ಟನಡುವೆ ಕೂರಿಸಲು ಒಂದು ಸೆಂಟ್ರಿಂಗ್ ಉಪಕರಣ ಬೇಕು. ಅದಿಲ್ಲದೆ ಕಣ್ಣಳತೆಯಲ್ಲಿ ಕೂರಿಸಿದರೆ ಗೇರ್ ಬಾಕ್ಸಿನ ಸ್ಪ್ಲೈನ್ (ಇನ್‌ಪುಟ್ ಶಾಫ್ಟಿನ ಉದ್ದುದ್ದ ಹಲ್ಲುಗಳು) ಒಳಗೆ ಹೋಗುವುದಿಲ್ಲ. ಆಗ ನಾಲ್ಕು ಬೋಲ್ಟು ಹಾಕಿ ಅವುಗಳಿಂದಲೇ ಎಳೆದು ಸೇರಿಸುತ್ತಾರೆ. ಪ್ಲೇಟಿನ ನಡುಭಾಗ ಬಾಗುತ್ತದೆ. ಇಲ್ಲವೇ ಅರ್ಧ ಹೋದ ಗೇರ್ ಬಾಕ್ಸನ್ನು ಹಾಗೇ ಬಿಟ್ಟು ಪಾನಾ ಹುಡುಕಲು ಹೋಗುತ್ತಾರೆ. ಅಷ್ಟೂ ಭಾರ ತೆಳ್ಳಗಿನ ಪ್ಲೇಟಿನ ಮೇಲೆ ಬಿದ್ದು ಬಾಗುತ್ತದೆ. ಬಾಗಿದ ಪ್ಲೇಟು ಎಷ್ಟು ಕೇಬಲ್ ಎಳೆದರೂ ಬಿಡುವುದಿಲ್ಲ. ಗೇರ್ ಬಾಕ್ಸ್ ಕೈಯಲ್ಲಿ ತಳ್ಳಿದರೆ ಕೊನೆ ತನಕ ಹೋಗಬೇಕು. ಹೋಗದಿದ್ದರೆ ಕ್ಲಚ್ ಮತ್ತೆ ಸಡಿಲಿಸಿ ಪ್ಲೇಟನ್ನು ನಡುವಿಗೆ ತನ್ನಿ. ಬೋಲ್ಟಿನ ಕೆಲಸ ಬಿಗಿಯುವುದು ಮಾತ್ರ, ಎಳೆಯುವುದಲ್ಲ.

ಮಾಡೆಲ್ ವರ್ಷವನ್ನೂ ನೋಡಿ. 1981ಕ್ಕಿಂತ ಮುಂಚೆ ಕ್ರಾಂಕಿನ ಹಿಂದಿನ ತುದಿಗೆ ಭಾರದ ಫ್ಲೈವೀಲು (ಚಕ್ರ), 1981ರಿಂದ ಅದರ ಜಾಗದಲ್ಲಿ ಹಗುರವಾದ ಕ್ಲಚ್ ಕ್ಯಾರಿಯರ್. ಒಂದು ಕಾಲದ ಎಂಜಿನ್ನಿಗೆ ಇನ್ನೊಂದು ಕಾಲದ ಗೇರ್ ಬಾಕ್ಸ್ ಸೇರಿಸಿದರೆ ಹೊರಗಿನಿಂದ ಬೋಲ್ಟು ಕೂರುತ್ತವೆ. ಒಳಗೆ ಕ್ಲಚ್ ತಳ್ಳುವ ಪುಶ್ ರಾಡಿನ ಉದ್ದ, ಇನ್‌ಪುಟ್ ಶಾಫ್ಟಿನ ಉದ್ದ ಹೊಂದುವುದಿಲ್ಲ. ಎಷ್ಟು ಅಡ್ಜಸ್ಟ್ ಮಾಡಿದರೂ ಕ್ಲಚ್ ದಾರಿಗೆ ಬರದೇ ಇರಲು ಇದೊಂದು ಕಾರಣ.

ಗೇರ್ ಬಾಕ್ಸ್ ಇಳಿಸಿದಾಗ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲಿನ ಎರಡೂ ಬದಿ ಸಮವಾಗಿ, ತುದಿ ಚಪ್ಪಟೆಯಾಗಿ ಇರಬೇಕು. ಒಂದು ಬದಿ ಸವೆದು ತುದಿ ಚೂಪಾಗಿದ್ದರೆ ಶಾಫ್ಟಿನ ಆಯುಸ್ಸು ಮುಗಿದಿದೆ. ಹಲ್ಲಿನ ನಡುವೆ ಸಣ್ಣ ಮೆಟ್ಟಿಲಿನ ಹಾಗೆ ಉಗುರಿಗೆ ಸಿಗುವ ಗೆರೆ ಇದ್ದರೆ, ಕ್ಲಚ್ ಪ್ಲೇಟು ಆ ಮೆಟ್ಟಿಲಿಗೆ ಸಿಕ್ಕಿಹಾಕಿಕೊಂಡು ಹಿಂದಕ್ಕೆ ಜಾರುತ್ತಿಲ್ಲ ಅಂತ ತಿಳಿಯಿರಿ.

ನಮ್ಮ ಜಿಲ್ಲೆಯವರು ಇಲ್ಲೊಂದು ವಿಷಯ ವಿಶೇಷವಾಗಿ ಗಮನಿಸಬೇಕು. ಬೆಲ್ ಹೌಸಿಂಗಿನ (ಕ್ಲಚ್ ಇರುವ ಗೂಡು) ಒಳಗೆ ಕೆಂಪು ಪುಡಿ ಕಾಣುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಲ್ಲಿ ಅದಿರಿನ ಧೂಳು ಅಂತ ಒರೆಸಿ ಮುಂದೆ ಹೋಗುತ್ತೇವೆ. ಆದರೆ ಒಣಗಿದ ಸ್ಪ್ಲೈನ್ ಉಜ್ಜಿ ಉಜ್ಜಿ ಉದುರಿಸುವ ಪುಡಿಯೂ ಕೆಂಪೇ. ಕಬ್ಬಿಣದ ಅದಿರೂ ಐರನ್ ಆಕ್ಸೈಡ್, ಈ ತುಕ್ಕಿನ ಪುಡಿಯೂ ಐರನ್ ಆಕ್ಸೈಡ್. ಬಣ್ಣದಿಂದ ಬೇರೆ ಮಾಡಲು ಆಗುವುದಿಲ್ಲ. ಬಿದ್ದಿರುವ ಜಾಗದಿಂದ ಮಾಡಬೇಕು. ಅದಿರಿನ ಧೂಳು ಕೇಬಲ್ ತೂತು, ಸಂದುಗಳ ಹತ್ತಿರ, ಹೌಸಿಂಗಿನ ತಳದಲ್ಲಿ ಎಲ್ಲ ಕಡೆ ತೆಳ್ಳಗೆ ಹರಡಿರುತ್ತದೆ. ಸ್ಪ್ಲೈನಿನ ಪುಡಿ ಹಲ್ಲಿನ ಬುಡದಲ್ಲಿ, ಪ್ಲೇಟಿನ ಹಬ್ಬಿನ ಸುತ್ತ ಉಂಗುರದ ಹಾಗೆ, ಹಳೇ ಗ್ರೀಸಿನ ಜೊತೆ ಕಲೆತು ಇಟ್ಟಿಗೆ ಬಣ್ಣದ ಹಿಟ್ಟಾಗಿ ಅಂಟಿರುತ್ತದೆ. ಉಂಗುರ ಕಂಡರೆ ಸ್ಪ್ಲೈನಿಗೆ ಗ್ರೀಸ್ ಇಲ್ಲದೆ ಬಹಳ ದೂರ ಓಡಿದೆ. ಚೆನ್ನಾಗಿ ಒರೆಸಿ, ಮಾಲಿಬ್ಡಿನಮ್ ಇರುವ ಗ್ರೀಸನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ. ತೆಳ್ಳಗೆ ಅಂದರೆ ಹಲ್ಲಿನ ಲೋಹ ಕಾಣುವಷ್ಟು. ದಪ್ಪ ಹಚ್ಚಿದರೆ ಅದೇ ಗ್ರೀಸು ಎರಚಿ ಕ್ಲಚ್ ಪ್ಲೇಟಿಗೆ ಬಿದ್ದು ಕ್ಲಚ್ ಜಾರಲು ಶುರುವಾಗುತ್ತದೆ.

ಜೋಡಿಸುವಾಗ ಬಿಳಿ ಬಣ್ಣದ ಚುಕ್ಕೆಗಳನ್ನು ಹುಡುಕಿ. ಫ್ಲೈವೀಲು, ಪ್ರೆಶರ್ ಪ್ಲೇಟು, ಹೊರಗಿನ ಕವರ್ ಪ್ಲೇಟು ಮೂರರಲ್ಲೂ ಭಾರದ ಕಡೆಗೆ ಗುರುತು ಹಾಕಿರುತ್ತಾರೆ. ಮೂರು ಗುರುತು ಒಂದಕ್ಕೊಂದು 120 ಡಿಗ್ರಿ ದೂರ ಇರಬೇಕು. ಒಂದೇ ಕಡೆ ಬಂದರೆ ಭಾರ ಒಂದೇ ಕಡೆ ಸೇರಿ, ಎಂಜಿನ್ ವೇಗ ಏರಿದ ಹಾಗೆ ನಡುಕ ಏರುತ್ತದೆ. ಗೇರ್ ಬದಲಿಸಿದರೆ ಬದಲಾಗುವ ನಡುಕ ಇದ್ದರೆ ಇದನ್ನೂ ನೋಡಿ. ಅದಕ್ಕೂ ಮೊದಲು ಎರಡು ಕಾರ್ಬುರೇಟರ್‌ಗಳ ಹೊಂದಾಣಿಕೆ ಸರಿ ಇದೆಯಾ ನೋಡಿಬಿಡಿ, ಅದು ಸುಲಭ.

ಕ್ಲಚ್ ಹಿಡಿದರೆ ಎಂಜಿನ್ ಕುಗ್ಗುತ್ತದೆ

ಇದು ಅಪಾಯದ ಗುರುತು. ಎಂಜಿನ್ ಆರಿಸಿ.

ಕ್ಲಚ್ ಹಿಡಿದಾಗ ಪುಶ್ ರಾಡ್ ಕ್ರಾಂಕನ್ನು ಮುಂದಕ್ಕೆ ತಳ್ಳುತ್ತದೆ. ಆ ಒತ್ತಡ ತಡೆಯಲು ಎರಡು ಥ್ರಸ್ಟ್ ವಾಷರ್ ಇವೆ. ಫ್ಲೈವೀಲ್ ಬಿಚ್ಚಿದಾಗ ಕ್ರಾಂಕ್ ಮುಂದಕ್ಕೆ ಜಾರಿದರೆ ಒಳಗಿನ ವಾಷರ್ ತನ್ನ ಪಿನ್‌ಗಳಿಂದ ಕಳಚಿ ಬೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಫ್ಲೈವೀಲ್ ಬಿಗಿದಾಗ ವಾಷರ್ ಪಿನ್ನಿನ ಮೇಲೆ ಹಿಂಡಿ ಹೋಗುತ್ತದೆ. ಅದಕ್ಕೇ ಫ್ಲೈವೀಲ್ ಬಿಚ್ಚುವ ಮುಂಚೆ ಎಂಜಿನ್ನಿನ ಮುಂದಿನ ಕವರ್ ತೆಗೆದು, ಆಲ್ಟರ್ನೇಟರ್ ಬೋಲ್ಟಿಗೆ ಅಡ್ಡ ಕೊಟ್ಟು ಕ್ರಾಂಕ್ ಮುಂದೆ ಬರದ ಹಾಗೆ ತಡೆಯಬೇಕು. ಕೊಂಡು ತಂದ ಎಂಜಿನ್ನಿನ ಆಯಿಲ್ ಸೀಲನ್ನು ಯಾರಾದರೂ ಬದಲಿಸಿದ್ದರೆ, ಅವರು ಈ ಅಡ್ಡ ಕೊಟ್ಟಿದ್ದರಾ ಅಂತ ಕೇಳಿ. ಕೇಳಲು ಆಗದಿದ್ದರೆ ಡಯಲ್ ಗೇಜಿನಿಂದ ಕ್ರಾಂಕಿನ ಹಿಂದೆ ಮುಂದೆ ಆಟ ಅಳೆಯಿರಿ. 0.08ರಿಂದ 0.15 ಮಿ.ಮೀ. ಇರಬೇಕು. ಆಟವೇ ಇಲ್ಲದಿದ್ದರೆ, ಅಥವಾ ಕೈಯಲ್ಲಿ ತಿರುಗಿಸುವಾಗ ಬಿಗಿ ಅನ್ನಿಸಿದರೆ, ಸ್ಟಾರ್ಟ್ ಮಾಡಬೇಡಿ.

ಎಣ್ಣೆ ಎಲ್ಲಿಂದ

ಎಂಜಿನ್ನಿಗೂ ಗೇರ್ ಬಾಕ್ಸಿಗೂ ಸೇರುವ ಸಂದಿಯಿಂದ ಎಣ್ಣೆ ತೊಟ್ಟಿಕ್ಕಿದರೆ ಮೂಗಿಗೆ ಕೆಲಸ ಕೊಡಿ. ಗೇರ್ ಆಯಿಲ್ ಜಿಎಲ್-5 ದರ್ಜೆಯದು, ಗಂಧಕದ ಘಾಟು ಇರುತ್ತದೆ. ಆ ವಾಸನೆ ಬಂದರೆ ಗೇರ್ ಬಾಕ್ಸಿನ ಇನ್‌ಪುಟ್ ಸೀಲು. ಬರದಿದ್ದರೆ ಎಂಜಿನ್ ಆಯಿಲ್. ಆಗ ಕ್ರಾಂಕಿನ ಹಿಂದಿನ ಸೀಲೂ ಇರಬಹುದು, ಫ್ಲೈವೀಲಿನ ಹಿಂದೆ ಅಡಗಿರುವ ಆಯಿಲ್ ಪಂಪ್ ಕವರಿನ ಓ ರಿಂಗೂ ಇರಬಹುದು. ಸೀಲು ಬದಲಿಸುವಾಗ ಓ ರಿಂಗೂ ಬದಲಿಸಿ, ಮತ್ತೆ ಅಷ್ಟೂ ಬಿಚ್ಚುವ ಕೆಲಸ ತಪ್ಪುತ್ತದೆ.

ಬೇರೆ ಕಡೆಯ ಸೋರಿಕೆ ಹುಡುಕಲು ಎಂಜಿನ್ ತೊಳೆದು ಒಣಗಿಸಿ, ಮೈಗೆ ಹಚ್ಚುವ ಪೌಡರ್ ಉದುರಿಸಿ ಹತ್ತು ನಿಮಿಷ ಓಡಿಸಿ. ಎಣ್ಣೆಯ ದಾರಿ ಗೆರೆ ಬರೆದ ಹಾಗೆ ಕಾಣುತ್ತದೆ.

ಆಯಿಲ್ ಫಿಲ್ಟರ್ ಹಾಕುವಾಗ ಅದರ ದೊಡ್ಡ ಬಿಳಿ ಓ ರಿಂಗು ಮತ್ತು ವಾಷರ್ ಸರಿಯಾಗಿ ಕೂತಿವೆಯಾ ಅಂತ ಎರಡು ಸಲ ನೋಡಿ. ಅಲ್ಲಿ ಸಂದು ಬಿಟ್ಟರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒತ್ತಡದ ಎಣ್ಣೆ ಒಳಗೇ ತಳದ ಎಣ್ಣೆ ತೊಟ್ಟಿಗೆ (ಸಂಪ್) ವಾಪಸ್ ಬೀಳುತ್ತದೆ. ಬೇರಿಂಗುಗಳಿಗೆ ಎಣ್ಣೆ ಸಾಲದೆ ಎಂಜಿನ್ ಹೋಗುತ್ತದೆ. ಆಯಿಲ್ ದೀಪ ಬೇಗ ಆರದಿದ್ದರೆ ಎಂಜಿನ್ ಆರಿಸಿ.

ಸ್ಟಾರ್ಟರ್ ನರಳುತ್ತದೆ, ಚಾರ್ಜ್ ಇಲ್ಲ

ಬ್ಯಾಟರಿಯ ನೆಗೆಟಿವ್ ವೈರು ಗೇರ್ ಬಾಕ್ಸಿನಲ್ಲಿ, ಸ್ಪೀಡೋಮೀಟರ್ ಕೇಬಲ್ ಹೋಗುವ ಟೊಳ್ಳು ಬೋಲ್ಟಿಗೆ ಸೇರುತ್ತದೆ. ಅಲ್ಲಿ ಬಣ್ಣ, ಗ್ರೀಸ್ ಉಳಿದಿದ್ದರೆ ಅರ್ಥ್ ಸಿಗದೆ ಸ್ಟಾರ್ಟರ್ ನರಳುತ್ತದೆ. ಉಜ್ಜಿ ಹೊಳೆಯುವಂತೆ ಮಾಡಿ. ಚಾರ್ಜ್ ಇಲ್ಲದಿದ್ದರೆ ಡ್ಯಾಶಿನ ಚಾರ್ಜ್ ಬಲ್ಬು ಮೊದಲು ನೋಡಿ. ಈ ಬೈಕಿನಲ್ಲಿ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಕರೆಂಟು ಹೋಗುತ್ತದೆ, ಬಲ್ಬು ಸುಟ್ಟರೆ ಚಾರ್ಜೂ ಇಲ್ಲ. ಮುಂದಿನ ಕವರ್ ತೆಗೆಯುವ ಮೊದಲು ಬ್ಯಾಟರಿ ನೆಗೆಟಿವ್ ಬಿಡಿಸುವುದನ್ನು ಎಂದೂ ಮರೆಯಬೇಡಿ. ಕವರ್ ತಗುಲಿ ಶಾರ್ಟ್ ಆದರೆ ಡಯೋಡ್ ಬೋರ್ಡ್ ಸುಡುತ್ತದೆ.

1981ರ ನಂತರದ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಪ್ಲಗ್ ಕ್ಯಾಪ್ ಬಿಚ್ಚಿ ಸುಮ್ನೆ ಕ್ರಾಂಕ್ ಮಾಡಬೇಡಿ. ಕಿಡಿಗೆ ದಾರಿ ಸಿಗದೆ ಕಾಯಿಲ್, ಮಾಡ್ಯೂಲ್ ಹಾಳಾಗುತ್ತವೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಹೆಡ್ಡಿಗೆ ತಾಗಿಸಿಡಿ.

ಬೇಗ ಕಾಯುತ್ತದೆ, ಪಿಕಪ್ ಇಲ್ಲ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿ ತಂಪಿನ ಎಂಜಿನ್ ಆಗ ಸಣ್ಣ ತಪ್ಪನ್ನೂ ಸಹಿಸದು. ಕಿಡಿ ಹಾರುವ ಸಮಯ ಹೊಂದಿಸಲು ನೋಡುವ ಟೈಮಿಂಗ್ ಕಿಟಕಿಯ ಗುರುತನ್ನು ಕಣ್ಣು ಮುಚ್ಚಿ ನಂಬಬೇಡಿ. ಆ ಗುರುತು ಫ್ಲೈವೀಲಿನ ಮೇಲಿದೆ. ಫ್ಲೈವೀಲನ್ನೇ ಒಂದು ಬೋಲ್ಟು ತಿರುಗಿಸಿ ಕೂರಿಸಿದ್ದರೆ ಗುರುತೆಲ್ಲ ಸುಳ್ಳು. ಪ್ಲಗ್ ಬಿಚ್ಚಿ, ತೂತಿನಲ್ಲಿ ಪ್ಲಾಸ್ಟಿಕ್ ಕಡ್ಡಿ ಇಟ್ಟು, ಐದನೇ ಗೇರಿನಲ್ಲಿ ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿ. ಪಿಸ್ಟನ್ ತುದಿಗೆ ಬಂದಾಗ ಕಿಟಕಿಯಲ್ಲಿ 'ಓಟಿ' ಅಕ್ಷರ ಕಾಣಬೇಕು. ಕಾಣದಿದ್ದರೆ ಫ್ಲೈವೀಲ್ ಬಿಚ್ಚಲೇಬೇಕು. ಬಿಚ್ಚುವಾಗ ಕ್ರಾಂಕಿಗೆ ಅಡ್ಡ ಕೊಡುವುದು ನೆನಪಿರಲಿ.

ಟಪ್ಪೆಟ್ ಸಂದು (ವಾಲ್ವಿನ ಸಂದು) ಎಂಜಿನ್ ತಣ್ಣಗಿದ್ದಾಗ ಇನ್ಲೆಟ್ 0.10, ಎಕ್ಸಾಸ್ಟ್ 0.20 ಮಿ.ಮೀ. ಕಾರ್ಬುರೇಟರ್ ರಬ್ಬರಿನ ಬಿರುಕಿನಿಂದ ಗಾಳಿ ಎಳೆದರೂ ಎಂಜಿನ್ ಕಾಯುತ್ತದೆ. ಐಡ್ಲಿಯಲ್ಲಿ ರಬ್ಬರಿನ ಮೇಲೆ ನೀರು ಚಿಮುಕಿಸಿ, ಸದ್ದು ಬದಲಾದರೆ ಅಲ್ಲೇ ಸೋರುತ್ತಿದೆ.

ಆರ್ 100 ಚಾಸಿಗೆ ಆರ್ 80 ಎಂಜಿನ್ ಹಾಕಿದ್ದರೆ ಪಿಕಪ್ ಕಡಿಮೆ ಅನ್ನಿಸುವುದು ಸಹಜ, ಅದು ದೋಷ ಅಲ್ಲ. ಹಿಂದಿನ ಚಕ್ರದ ಹತ್ತಿರದ ಹೌಸಿಂಗಿನ ಮೇಲೆ ಅದರೊಳಗಿನ ಗೇರ್ ಜೋಡಿಯ (ಕ್ರೌನ್, ಪಿನಿಯನ್) ಹಲ್ಲಿನ ಲೆಕ್ಕ ಕೊರೆದಿರುತ್ತಾರೆ. 33/11 ಅಂದರೆ 3.00, ದೊಡ್ಡ ಎಂಜಿನ್ನಿಗೆ ಹೊಂದುವಂಥದ್ದು. 37/11 ಅಂದರೆ 3.36, ಆರ್ 80ಕ್ಕೆ ಅದು ಚೆನ್ನ. ಚೈನ್ ಬೈಕಿನಲ್ಲಿ ಸ್ಪ್ರಾಕೆಟ್ ಬದಲಿಸಿದ ಹಾಗೆ ಇಲ್ಲಿ ಆಗುವುದಿಲ್ಲ, ಹೌಸಿಂಗೇ ಬದಲಿಸಬೇಕು. ಎಂಜಿನ್ ಕೊಳ್ಳುವ ಮೊದಲೇ ಈ ಅಂಕಿ ನೋಡಿಕೊಳ್ಳಿ.

ಎಂಜಿನ್ ನಂಬರ್ ಬದಲಾಗಿರುವುದರಿಂದ ಆರ್‌ಸಿಯಲ್ಲೂ ಬದಲಾಗಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಅನುಮತಿ ಮೊದಲೇ ಪಡೆದಿರದಿದ್ದರೆ, ಬದಲಿಸಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಎಂಜಿನ್ ಕೊಂಡ ಬಿಲ್ಲು, ಆ ಎಂಜಿನ್ ಇದ್ದ ಹಳೇ ಗಾಡಿಯ ಕಾಗದ ಕೈಗೆ ಬಾರದೆ ದುಡ್ಡು ಕೊಡಬೇಡಿ.

ಎಲ್ಲ ಸರಿಯಾದ ಮೇಲೆ ಮೊದಲ ಸಾವಿರ ಕಿಲೋಮೀಟರಿಗೆ ಹೆಡ್ ಬೋಲ್ಟು, ಟಪ್ಪೆಟ್, ಆ ನಾಲ್ಕು ಜಾಯಿಂಟ್ ಬೋಲ್ಟು ಮತ್ತೆ ನೋಡಿ. ಗೇರ್ ಬಾಕ್ಸಿನ ಎಣ್ಣೆ 800 ಮಿಲಿ. ಶಾಫ್ಟ್ ಕೊಳವೆ, ಹಿಂದಿನ ಹೌಸಿಂಗಿನ ಎಣ್ಣೆ ಬೇರೆ ಬೇರೆ, ಮೂರನ್ನೂ ಬದಲಿಸಿ. ಪ್ಯಾರಾಲಿವರ್ ಆದರೆ ಶಾಫ್ಟಿಗೆ ಎಣ್ಣೆ ಇರುವುದಿಲ್ಲ. ಇಳಿಸಿದ ಎಣ್ಣೆಯಲ್ಲಿ ಮ್ಯಾಗ್ನೆಟ್ ಆಡಿಸಿ. ಬೂದು ಬಣ್ಣದ ನುಣುಪಾದ ಹಿಟ್ಟು ಅಂಟಿದರೆ ಅದು ಹೊಸದಾಗಿ ಕೂಡಿದ ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡದ್ದು, ಯೋಚನೆ ಬೇಡ. ಸೂಜಿಯಂಥ ಚೂರು ಸಿಕ್ಕಿದರೆ ಯಾವ ಭಾಗದ ಎಣ್ಣೆಯಲ್ಲಿ ಸಿಕ್ಕಿತು ಅಂತ ಬರೆದಿಟ್ಟುಕೊಳ್ಳಿ. ಗಾಡಿ ಅಲ್ಲೇ ನಿಲ್ಲಿಸಿ, ಆ ಭಾಗ ಬಿಚ್ಚಿ.